ಕಣಕ್ಕೆ ಬಂದ ಬೂಟು

ಮೊನ್ನೆ ಬ್ಯಾಂಕಿನಲ್ಲಿ ನನ್ನ ಚಪ್ಪಲಿ ಕಳೆದುಹೋಯಿತು. ದೇವಸ್ಥಾನದಲ್ಲಿ ಕಳೆದರೆ, ಹೋಗಲಿ ಬಿಡಿ, ಪೀಡೆ ತೊಲಗಿತು ಎನ್ನುವವರು ಸಿಗುತ್ತಾರೆ. ಮದುವೆ ಛತ್ರದಲ್ಲಿ ಕಳೆದರೆ ಬೀಗರ ಕಡೆಯವರ ಮೇಲೆ ಹಾಕಬಹುದು. ಬ್ಯಾಂಕಿನಲ್ಲಿ ಕಳೆದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಬಾಗಿಲಲ್ಲಿ ಕೂತಿದ್ದ ಕಾವಲಿನವನು ನನ್ನ ಬರಿಗಾಲನ್ನೂ ಮುಖವನ್ನೂ ಎರಡೆರಡು ಸಲ ನೋಡಿದ.

"ಅಲ್ಲಮ್ಮಾ, ಇಲ್ಲಿ ಚಪ್ಪಲಿ ಬಿಡಿ ಅಂತ ಯಾರು ಹೇಳಿದ್ರು ನಿಮ್ಗೆ?"

"ಯಾರೂ ಹೇಳಲಿಲ್ಲಪ್ಪ. ಅಭ್ಯಾಸ."

"ಇದೆಂಥ ಅಭ್ಯಾಸಾನಮ್ಮ! ಇಷ್ಟು ಜನ ಓಡಾಡ್ತಾವ್ರೆ, ಒಬ್ರಾದ್ರೂ ಬುಟ್ಟವ್ರಾ ನೋಡಿ."

ಒಬ್ಬರೂ ಬಿಟ್ಟಿರಲಿಲ್ಲ. ಬಿಸಿಲಿಗೆ ಕಾದ ಟಾರು ರಸ್ತೆಯಲ್ಲಿ ಕುಣಿಯುತ್ತ ಕುಣಿಯುತ್ತ ಸರಸ್ವತಿಪುರಂನ ನಮ್ಮ ಮನೆ ಸೇರುವಷ್ಟರಲ್ಲಿ ಎದುರು ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ರೀ, ಹರಕೆನಾ?" ಎಂದು ಕೇಳಿದರು. ನಾನು ಹೌದು ಎಂದುಬಿಟ್ಟೆ. ಬ್ಯಾಂಕಿಗೆ ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಇದು ಮೊದಲ ಸಲವೇನಲ್ಲ. ದರ್ಜಿಯ ಅಂಗಡಿ, ಫೋಟೋ ಸ್ಟುಡಿಯೋ, ಪೋಸ್ಟಾಫೀಸು, ಎಲ್ಲಿ ಹೊಸಿಲು ಕಂಡರೂ ನನ್ನ ಕಾಲು ನನ್ನನ್ನು ಕೇಳದೆ ಚಪ್ಪಲಿಯಿಂದ ಹೊರಗೆ ಬರುತ್ತದೆ. ಮಗಳು ಬೈಯುತ್ತಾಳೆ. ನಾನೇನು ಮಾಡಲಿ? ಬೇರೆಯವರಿಗೆ ಸ್ಕೂಲು ಮಗ್ಗಿ ಕಲಿಸುತ್ತದೆ. ನನಗೆ ನಮ್ಮ ಸ್ಕೂಲು ಚಪ್ಪಲಿ ಬಿಡುವುದನ್ನು ಕಲಿಸಿತು. ಮಗ್ಗಿಯನ್ನೂ ಕಲಿಸಿತ್ತು, ಅದು ಮರೆತುಹೋಗಿದೆ.

ನಾನು ಓದಿದ್ದು ಯಜಮಾನ್ ಕೆಂಚೇಗೌಡರ ಪಬ್ಲಿಕ್ ಮಿಡ್ಲ್ ಸ್ಕೂಲಿನಲ್ಲಿ. ಒಂಟಿಕೊಪ್ಪಲು ದಾಟಿ ಆಚೆಗೆ ನಮ್ಮದೊಂದು ಕೊಪ್ಪಲು, ಎಂದರೆ ಸಣ್ಣ ಹಳ್ಳಿ, ಇತ್ತು. ಇತ್ತು ಎನ್ನುವುದೇ ಸರಿ, ಈಗ ಅದು ಯಾವ ಅಡ್ಡರಸ್ತೆಯ ಕೆಳಗೆ ಮಲಗಿದೆಯೋ ನನಗೇ ಗೊತ್ತಾಗುವುದಿಲ್ಲ. ಆ ಕೊಪ್ಪಲಿನ ಯಜಮಾನ ಕೆಂಚೇಗೌಡ ಎಂದರೆ ನಮ್ಮ ತಾತ, ಅಪ್ಪನ ಅಪ್ಪ. ಯಜಮಾನ ಎಂದರೆ ನ್ಯಾಯ ಪಂಚಾಯ್ತಿಗೆ, ಮದುವೆ ಮಾತಿಗೆ, ದನ ಹೊಲಕ್ಕೆ ನುಗ್ಗಿದ ಜಗಳಕ್ಕೆ ಮುಂದೆ ಕೂರುವವರು. ಹೊಲಗಳನ್ನೆಲ್ಲ ಬಡಾವಣೆಗೆಂದು ತೆಗೆದುಕೊಂಡ ಮೇಲೆ ದನ ನುಗ್ಗುವುದಕ್ಕೆ ಹೊಲವೂ ಇಲ್ಲ, ನುಗ್ಗಲು ದನವೂ ಇಲ್ಲ, ಜಗಳ ಎಲ್ಲಿಂದ ಬರಬೇಕು? ತಾತನ ಯಜಮಾನಿಕೆ ರುಮಾಲಿನ ಸುತ್ತಿನಲ್ಲಿ ಮಾತ್ರ ಉಳಿದಿತ್ತು.

ಎಲ್ಲ ಹೋದ ಮೇಲೂ ಒಂದು ಉಳಿದಿತ್ತು. ಅದು ನಮ್ಮ ಕಣ. ಪೇಟೆಯಲ್ಲಿ ಬೆಳೆದವರಿಗೆ ಹೇಳಬೇಕು, ಕಣ ಎಂದರೆ ರಾಗಿ ಒಕ್ಕುವ ಜಾಗ. ಸುಗ್ಗಿ ಬಂದಾಗ ನೆಲ ಕೆತ್ತಿ, ನೀರು ಚಿಮುಕಿಸಿ, ಕಲ್ಲುಗುಂಡು ಎಳೆದು ಗಟ್ಟಿ ಮಾಡಿ, ಸಗಣಿ ಬಳಿಯುತ್ತಿದ್ದರು. ಒಕ್ಕಿ ತೂರಿ ರಾಶಿ ಮಾಡಿ ಪೂಜೆ ಮಾಡುತ್ತಿದ್ದರು. ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಎನ್ನುವಂತಿಲ್ಲ, 'ಲಾಭ' ಎನ್ನಬೇಕು. ಮತ್ತೆ, ಯಾರೇ ಆಗಲಿ, ಕಣದೊಳಕ್ಕೆ ಮೆಟ್ಟು ಹಾಕಿಕೊಂಡು ಕಾಲಿಡುವಂತಿಲ್ಲ. ಅನ್ನ ಬೀಳುವ ಜಾಗವನ್ನು ಚರ್ಮ ಮೆಟ್ಟಿದ ಕಾಲಿನಿಂದ ತುಳಿಯುವುದುಂಟೇ?

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ ಸ್ಕೂಲು ಕಟ್ಟಲು ಜಾಗ ಹುಡುಕಿಕೊಂಡು ಸರ್ಕಾರದವರು ಬಂದರು. ತಾತ ಕರೆದುಕೊಂಡು ಹೋಗಿ ಕಣ ತೋರಿಸಿದರಂತೆ. "ರಾಗಿ ಇಲ್ದೆ ಸುಮ್ಕೆ ಬಿದ್ದದೆ ಸ್ವಾಮಿ. ಐಕ್ಳಾರ ಕುಂತ್ಕಳ್ಳಿ" ಎಂದರಂತೆ. ಸ್ಕೂಲು ಎದ್ದಿತು. ಬಾಗಿಲ ಮೇಲೆ ತಾತನ ಹೆಸರು ಬಂತು. ಅದನ್ನು ಓದಲು ಮಾತ್ರ ತಾತನಿಗೆ ಬರುತ್ತಿರಲಿಲ್ಲ. ನಾನು ಎರಡನೇ ತರಗತಿಗೆ ಬಂದಾಗ, "ಅಲ್ಲಿ ಏನು ಬರ್ದವ್ರೆ ಓದು ಮಗಾ" ಎಂದು ನನ್ನಿಂದ ದಿನಕ್ಕೊಂದು ಸಲ ಓದಿಸಿ, ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಸ್ಕೂಲಿಗೆ ನಮ್ಮವರ ಹೆಸರಿದ್ದರೆ ಮಜವಿರಬೇಕು ಎಂದು ನೀವು ಅಂದುಕೊಳ್ಳಬಹುದು. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಲೆಕ್ಕ ತಪ್ಪಿದರೆ ಬೇರೆ ಮಕ್ಕಳಿಗೆ ಒಂದು ಏಟು ಬೀಳುತ್ತಿತ್ತು, ನನಗೆ ಏಟಿನ ಜೊತೆ ಭಾಷಣವೂ ಬೀಳುತ್ತಿತ್ತು. "ಕೆಂಚೇಗೌಡರ ಮೊಮ್ಮಗಳಾಗಿ ಭಿನ್ನರಾಶಿ ಬರಲ್ವಲ್ಲಮ್ಮ!" ಎಂದು ಲೆಕ್ಕದ ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು. ಕೆಂಚೇಗೌಡರಿಗೂ ಬರುತ್ತಿರಲಿಲ್ಲ ಸಾರ್ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು.

ಆಟದ ಬಯಲಿನಲ್ಲಿ ಇನ್ನೂ ಕಷ್ಟ. ಬೇರೆ ಸ್ಕೂಲಿನ ಹುಡುಗರು ಕಬಡ್ಡಿಗೆ ಬಂದರೆ ಸ್ಕೂಲಿನ ಹೆಸರು ಹಿಡಿದೇ ಕೂಗುತ್ತಿದ್ದರು. ಒಮ್ಮೆ ನಮ್ಮವರು ಚೆನ್ನಾಗಿ ಸೋಲುತ್ತಿದ್ದಾಗ, "ಕೆಂಚೇಗೌಡ ಔಟು! ಕೆಂಚೇಗೌಡ ಮಣ್ಣು ಮುಕ್ಕಿದ!" ಎಂದು ಅವರು ಕೇಕೆ ಹಾಕಿದರು. ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಕೂತಿದ್ದ ಕೆಂಚೇಗೌಡರು ಎದ್ದು ನಿಂತರು.

"ಯಾರ್ಲಾ ಅವ್ನು? ನಾನ್ಯಾವಾಗ್ಲಾ ಮಣ್ಣು ಮುಕ್ಕಿದ್ದು?"

ಆಟ ನಿಂತಿತು. ಡ್ರಿಲ್ ಮೇಷ್ಟ್ರು ಓಡಿಬಂದು, ಅದು ಸ್ಕೂಲಿಗೆ ಅಂದದ್ದು ಯಜಮಾನ್ರೇ, ನಿಮಗಲ್ಲ ಎಂದು ಸಮಾಧಾನ ಹೇಳಿದರು. ತಾತ ಸ್ವಲ್ಪ ಯೋಚನೆ ಮಾಡಿ, "ಹಂಗಾರೆ ಗೆದ್ದಾಗ ನನ್ನೆಸ್ರು ಕೂಗ್ಲಿ, ಸೋತಾಗ ಹೆಡ್ ಮೇಷ್ಟ್ರ ಹೆಸ್ರು ಕೂಗ್ಲಿ" ಎಂದು ತೀರ್ಪು ಕೊಟ್ಟು ಕೂತರು. ಎಲ್ಲರೂ ನಕ್ಕರು. ನಾನು ಬಾವಿ ಕಟ್ಟೆಯ ಹಿಂದೆ ಹೋಗಿ ನಿಂತುಕೊಂಡೆ. ನನ್ನ ಬಾಲ್ಯದ ಎಷ್ಟೋ ಹೊತ್ತು ಆ ಬಾವಿ ಕಟ್ಟೆಯ ಹಿಂದೆಯೇ ಕಳೆದಿದೆ.

ಆದರೆ ಇವೆಲ್ಲ ಸಣ್ಣ ನಾಚಿಕೆಗಳು. ದೊಡ್ಡದು ಗೇಟಿನಲ್ಲಿತ್ತು. ತಾತನ ಪ್ರಕಾರ ಮೇಲೆ ಹೆಂಚು ಹೊದಿಸಿದ ಮಾತ್ರಕ್ಕೆ ಕಣ ಕಣವಲ್ಲದೆ ಹೋಗುವುದಿಲ್ಲ. ಆದ್ದರಿಂದ ಅವರು ದಿನಾ ಬೆಳಿಗ್ಗೆ ಬಂದು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದರು. ತಮ್ಮ ಎಕ್ಕಡವನ್ನು ಹೊರಗೆ ಬಿಟ್ಟು ಒಳಗೆ ಒಂದು ಸುತ್ತು ಹೋಗಿ ಬರುತ್ತಿದ್ದರು. ಮೆಟ್ಟು ಹಾಕಿಕೊಂಡು ಯಾರು ಬಂದರೂ, "ಬುಟ್ಟು ಹೋಗಿ, ಇದು ಕಣ" ಎನ್ನುತ್ತಿದ್ದರು. ಗದರುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಹೊತ್ತೆಷ್ಟಾಯಿತು ಎಂದು ಹೇಳುವ ಹಾಗೆ ಹೇಳುತ್ತಿದ್ದರು.

ಕೊಪ್ಪಲಿನ ಮಕ್ಕಳಿಗೆ ಇದರಿಂದ ಏನೂ ತೊಂದರೆಯಿರಲಿಲ್ಲ, ನಮ್ಮಲ್ಲಿ ಮೆಟ್ಟು ಇದ್ದವರೇ ಕಡಿಮೆ. ತೊಂದರೆ ಇದ್ದದ್ದು ಮೇಷ್ಟ್ರುಗಳಿಗೆ ಮತ್ತು ಬಡಾವಣೆಯ ಮಕ್ಕಳಿಗೆ. ಹೆಡ್ ಮೇಷ್ಟ್ರು ರಂಗಸ್ವಾಮಯ್ಯನವರು ಕಚ್ಚೆಪಂಚೆ, ಕರಿ ಕೋಟು, ಜರಿಪೇಟದಲ್ಲಿ ದಿವಾನರ ಹಾಗೆ ಬರುತ್ತಿದ್ದರು. ಗೇಟಿನಲ್ಲಿ ಪಂಪ್ ಶೂ ಬಿಟ್ಟು, ಕಲ್ಲು ಚುಚ್ಚಿದಾಗ ಹಾ, ಹೂ ಎನ್ನುತ್ತ ಆಫೀಸು ರೂಮು ಸೇರುತ್ತಿದ್ದರು. ಕಾಗೆಯೊಂದು ಒಂದು ದಿನ ಆ ಪಂಪ್ ಶೂ ಒಳಗೆ ಮಾಡಬಾರದ್ದನ್ನು ಮಾಡಿಹೋಗಿತ್ತು. ಅವರು ಅದನ್ನು ಹೊಂಗೆ ಎಲೆಯಿಂದ ಒರೆಸಿಕೊಂಡರೇ ಹೊರತು ತಾತನಿಗೆ ಒಂದು ಮಾತು ಆಡಲಿಲ್ಲ. ಜಾಗ ಕೊಟ್ಟವರಿಗೆ ಏನೆಂದು ಹೇಳುವುದು?

ಬಡಾವಣೆಯಿಂದ ಬರುತ್ತಿದ್ದ ವಿಮಲ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಅವಳ ಅಪ್ಪ ಯಾವುದೋ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದರು. ಅವಳಿಗೆ ಬಿಳಿ ಕ್ಯಾನ್ವಾಸ್ ಶೂ ಇತ್ತು, ದಿನಾ ಸುಣ್ಣ ಹಚ್ಚಿದಂತೆ ಬೆಳ್ಳಗಿರುತ್ತಿತ್ತು. ಸೇರಿದ ಮೊದಲ ದಿನ ಗೇಟಿನಲ್ಲಿ ಅದನ್ನು ಬಿಚ್ಚಿಟ್ಟು ಬಂದು ಅವಳು ನನ್ನ ಕಿವಿಯಲ್ಲಿ, "ಆ ಗೇಟಿನ ಮುದುಕಪ್ಪ ಯಾರೇ? ಅವರಿಗೆ ಸ್ವಲ್ಪ ಹಂಗಾ?" ಎಂದು ತಲೆಯ ಹತ್ತಿರ ಬೆರಳು ತಿರುಗಿಸಿ ಕೇಳಿದಳು. ನಾನು ಉತ್ತರ ಹುಡುಕುತ್ತಿರುವಾಗಲೇ ಕಿಟಕಿಯ ಆಚೆಯಿಂದ, "ಚಂದ್ರೀ, ಮಗಾ, ಹೊಟ್ಟೆ ನೋವು ವಾಸಿ ಆಯ್ತಾ? ಕಷಾಯ ಕುಡ್ದ ಮ್ಯಾಲೆ ಹೊರಕ್ಕೆ ಹೋಯ್ತಾ?" ಎಂದು ತಾತನ ಕಂಠ ಇಡೀ ತರಗತಿಗೆ ಕೇಳಿಸಿತು. ಭೂಮಿ ಬಾಯಿಬಿಡಬಾರದೆ ಎಂದು ಬೇಡಿಕೊಂಡೆ. ಸಗಣಿ ಬಳಿದು ಗಟ್ಟಿ ಮಾಡಿದ ಕಣ, ಅದೆಲ್ಲಿ ಬಾಯಿಬಿಡುತ್ತದೆ!

ತಾತನನ್ನು ಕಂಡರೆ ನನಗೆ ನಾಚಿಕೆಯಾಗುತ್ತಿತ್ತು. ಅದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಅವರ ತೊಡೆಯ ಮೇಲೆಯೇ ಕೂತು ಮುದ್ದೆ ತಿನ್ನುತ್ತಿದ್ದವಳು ನಾನು. ಗೇಟಿನ ಹತ್ತಿರ ಬಂದ ಕೂಡಲೆ ಮಾತ್ರ ಅವರು ಬೇರೆ ಯಾರದೋ ತಾತ ಆಗಿರಬಾರದಿತ್ತೆ ಎನ್ನಿಸುತ್ತಿತ್ತು. ಮಕ್ಕಳ ಪ್ರೀತಿಗೂ ಒಂದು ಗೇಟು ಇರುತ್ತದೆಯೋ ಏನೋ.

ನಾನು ಏಳನೇ ತರಗತಿಗೆ ಬಂದಾಗ ನಾಚಿಕೆಯ ಜೊತೆಗೆ ಭಯವೂ ಸೇರಿಕೊಂಡಿತು. ನಮ್ಮ ಸ್ಕೂಲಿನಲ್ಲಿ ಇದ್ದದ್ದು ಏಳರವರೆಗೆ ಮಾತ್ರ. ಎಂಟನೇ ತರಗತಿ ಓದಬೇಕಾದರೆ ಪೇಟೆಗೆ ಹೋಗಬೇಕು. ಹುಡುಗರು ಹೋಗುತ್ತಿದ್ದರು. ಹುಡುಗಿಯರನ್ನು ಅಷ್ಟು ದೂರ ಕಳಿಸುವ ಪದ್ಧತಿ ಕೊಪ್ಪಲಿನಲ್ಲಿ ಇರಲಿಲ್ಲ. ಏಳು ಮುಗಿದ ಹುಡುಗಿ ಮನೆಯಲ್ಲಿ ಕೂತು, ಬೆರಣಿ ತಟ್ಟಿ, ಯಾರಾದರೂ ನೋಡಲು ಬರುವುದನ್ನು ಕಾಯುತ್ತಿದ್ದಳು. ನನಗಿಂತ ಒಂದು ವರ್ಷ ಮುಂದಿದ್ದ ನನ್ನ ಚಿಕ್ಕಪ್ಪನ ಮಗಳು ಹಾಗೆಯೇ ಕೂತಿದ್ದಳು. ಅಪ್ಪ ಕೆಟ್ಟವರಲ್ಲ, ಆದರೆ, "ಇಲ್ಲೇ ಎಂಟು ತೆಗುದ್ರೆ ಓದು, ಇಲ್ದಿದ್ರೆ ಬ್ಯಾಡ ಕನವ್ವ" ಎಂದು ಹೇಳಿಬಿಟ್ಟಿದ್ದರು. ಎಂಟನೇ ತರಗತಿ ತೆಗೆಯಬೇಕಾದರೆ ಇನ್ಸ್‌ಪೆಕ್ಟರು ಬಂದು ಸ್ಕೂಲು ನೋಡಿ ಒಪ್ಪಬೇಕಿತ್ತು. ಆ ಇನ್ಸ್‌ಪೆಕ್ಟರು ಬಲು ಕಟ್ಟುನಿಟ್ಟಿನವರಂತೆ, ಹಿಂದಿನ ತಿಂಗಳು ಒಂದು ಸ್ಕೂಲಿನಲ್ಲಿ ಗಂಟೆ ಸರಿಯಾಗಿ ಹೊಡೆಯಲಿಲ್ಲ ಎಂದು ಎದ್ದುಹೋದರಂತೆ ಎಂದು ಮೇಷ್ಟ್ರುಗಳು ಮಾತಾಡಿಕೊಳ್ಳುತ್ತಿದ್ದರು. ಗಂಟೆಗೇ ಎದ್ದುಹೋಗುವವರು ತಾತನ ಗೇಟಿಗೆ ಏನು ಮಾಡಿಯಾರು?

ಭಯ ನನಗೊಬ್ಬಳಿಗೇ ಅಲ್ಲ ಎಂದು ಗೊತ್ತಾದದ್ದು ಒಂದು ಸಂಜೆ ಹೆಡ್ ಮೇಷ್ಟ್ರು ನಮ್ಮ ಮನೆಗೆ ಬಂದಾಗ. ಜಗಲಿಯ ಮೇಲೆ ಕೂತು ತಾತನ ಹತ್ತಿರ ಮಳೆಯ ವಿಷಯ ಮಾತಾಡಿದರು, ಎಮ್ಮೆಯ ವಿಷಯ ಮಾತಾಡಿದರು, ಅವ್ವ ಕೊಟ್ಟ ಹಾಲು ಕುಡಿದರು, ಮತ್ತೆ ಎಮ್ಮೆಯ ವಿಷಯಕ್ಕೇ ಬಂದರು. ಗೇಟಿನ ವಿಷಯ ಮಾತ್ರ ಎತ್ತಲಿಲ್ಲ. ಹೊರಡುವಾಗ ಅಪ್ಪನನ್ನು ಮಾತ್ರ ಬೀದಿಯ ತಿರುವಿನವರೆಗೆ ಕರೆದುಕೊಂಡು ಹೋದರು. ಅಪ್ಪ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದು, ರಾತ್ರಿ ಊಟದ ಹೊತ್ತಿಗೆ ಸಹಜವಾಗಿ ಹೇಳುವವರಂತೆ ಹೇಳಿದರು.

"ಅಪ್ಪಯ್ಯ, ಸೋಮವಾರ ನಂಜನಗೂಡಿಗೆ ಹೋಗ್ಬಾ. ರೈಲಿಗೆ ಹತ್ತಿಸ್ತೀನಿ. ದೇವ್ರ ನೋಡಿ ಬೋ ದಿಸ ಆಯ್ತು ಅಂತಿದ್ದೆಯಲ್ಲ."

"ಸೋಮವಾರ ಇನ್ಸ್‌ಪೆಕ್ಟ್ರು ಬತ್ತಾರಲ್ವಾ?"

"ಬತ್ತಾರೆ. ಬಂದ್ರೇನು? ಹೆಡ್ ಮೇಷ್ಟ್ರು ನೋಡ್ಕತಾರೆ ಬುಡು."

ತಾತ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದರು. "ಮನೆಗೆ ನೆಂಟ್ರು ಬರೋವಾಗ ಯಜಮಾನ ಊರು ಬುಟ್ಟು ಹೋಯ್ತಾನೇನ್ಲಾ? ನಂಜುಂಡಪ್ಪ ಇನ್ನೊಂದಿಸವೂ ಇರ್ತಾನೆ." ಅಪ್ಪ ಇನ್ನೊಂದು ಮುದ್ದೆಗೆ ಕೈ ಚಾಚಿದರು. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ಅಳು ಬಂತು.

ಸೋಮವಾರ ತಾತ ಮಡಿ ಪಂಚೆ ಉಟ್ಟು, ಹೊಸ ರುಮಾಲು ಸುತ್ತಿ, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಎಲ್ಲರಿಗಿಂತ ಮೊದಲೇ ಗೇಟಿನಲ್ಲಿದ್ದರು. ನಾವು ಸಾಲಾಗಿ ನಿಂತಿದ್ದೆವು. ವಿಮಲ ನನ್ನ ಪಕ್ಕದಲ್ಲಿ. ಜಟಕಾ ಬಂದು ನಿಂತಿತು. ಇಳಿದವರು ಸಣಕಲ ಮನುಷ್ಯ. ಹಳೆಯದಾದರೂ ಇಸ್ತ್ರಿ ಮಾಡಿದ ಕೋಟು, ಷರಾಯಿ, ಟೈ. ಕಾಲಲ್ಲಿ ಬೂಟು. ಮುಖ ನೋಡಿಕೊಳ್ಳಬಹುದಾದಷ್ಟು ಪಾಲಿಶು. ಅವರ ಹೆಸರು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಹೇಳುವುದಿಲ್ಲ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ತಾತ ಎದ್ದು ನಿಂಬೆಹಣ್ಣು ಕೊಟ್ಟು ಕೈ ಮುಗಿದರು. "ಬರ್ಬೇಕು ಸ್ವಾಮಿ, ಬರ್ಬೇಕು. ಮೆಟ್ಟು ಇಲ್ಲೇ ಬುಡಿ. ಇದು ಕಣ."

ಇನ್ಸ್‌ಪೆಕ್ಟರು ಹಣೆ ಗಂಟು ಹಾಕಿದರು. "ಏನ್ರೀ ಇದು? ಯಾರಿವರು?"

ಹೆಡ್ ಮೇಷ್ಟ್ರು ಬರಿಗಾಲಿನಲ್ಲಿ ನಿಂತು ಅಂಗೈ ಉಜ್ಜಿಕೊಳ್ಳುತ್ತ, "ಇವರೇ ಸಾರ್... ಕೆಂಚೇಗೌಡರು. ಸ್ಕೂಲಿನ ಹೆಸರು..." ಎಂದರು.

ಇನ್ಸ್‌ಪೆಕ್ಟರು ಬಾಗಿಲ ಮೇಲಿನ ಬೋರ್ಡು ನೋಡಿ, ತಾತನನ್ನು ನೋಡಿ, "ಇನ್ನೂ ಇದ್ದಾರಾ?" ಎಂದರು.

"ಇದ್ದೀನಿ ಸ್ವಾಮಿ, ತಮ್ಮ ಆಶೀರ್ವಾದ" ಎಂದರು ತಾತ.

ಮೇಷ್ಟ್ರುಗಳ ಸಾಲಿನಲ್ಲಿ ಯಾರೋ ಕೆಮ್ಮಿ ನಗು ನುಂಗಿದರು. ಇನ್ಸ್‌ಪೆಕ್ಟರು ಕಾಲು ಹಿಂದಕ್ಕೆ ಎಳೆದುಕೊಂಡು, "ಇಲ್ಲ, ಇಲ್ಲ, ಇದನ್ನ ಬಿಚ್ಚೋದು ಕಷ್ಟ, ಲಾಡಿ ಇದೆ, ಹೊತ್ತಾಗುತ್ತೆ" ಎಂದು ಏನೇನೋ ಹೇಳಿದರು. ಮುಖ ಕೆಂಪಾಗಿತ್ತು. ಕೋಪ ಎಂದುಕೊಂಡೆ ನಾನು. ಎಂಟನೇ ತರಗತಿ ಹೋಯಿತು ಎಂದುಕೊಂಡೆ. ತಾತ ಮಾತ್ರ ಬೇರೆ ಏನನ್ನೋ ಅರ್ಥ ಮಾಡಿಕೊಂಡರು. ಪಾಪ, ಓದಿದ ಮನುಷ್ಯ, ಬಿಗಿ ಷರಾಯಿಯಲ್ಲಿ ಬಗ್ಗಲಾಗುವುದಿಲ್ಲ ಎಂದುಕೊಂಡರು. "ಅಯ್ಯೋ, ಅಷ್ಟೇಯಾ? ನಾನು ಬುಡುಸ್ತೀನಿ ಇರಿ" ಎಂದು ಅಲ್ಲೇ ಮಂಡಿಯೂರಿ ಕೂತುಬಿಟ್ಟರು.

ಕೊಪ್ಪಲಿನ ಯಜಮಾನ, ಹೊಸ ರುಮಾಲು ಸುತ್ತಿದ ನಮ್ಮ ತಾತ, ಇಡೀ ಸ್ಕೂಲಿನ ಎದುರು ಒಬ್ಬರ ಕಾಲ ಬುಡದಲ್ಲಿ ಕೂತು ಬೂಟಿನ ಲಾಡಿ ಬಿಚ್ಚುತ್ತಿದ್ದರು. "ಬೇಡ, ಬೇಡ, ಬಿಡೀಪ್ಪ" ಎನ್ನುತ್ತ ಆ ಮನುಷ್ಯ ಕಾಲು ಎಳೆದುಕೊಂಡರು. ಎಳೆದ ರಭಸಕ್ಕೆ ಕಾಲು ಬಂತು, ಬೂಟು ತಾತನ ಕೈಯಲ್ಲೇ ಉಳಿಯಿತು.

ಕಾಲುಚೀಲ ಹರಿದಿತ್ತು. ಹರಿದಿತ್ತು ಎಂದರೆ ಕಡಿಮೆಯಾಯಿತು. ಹಿಮ್ಮಡಿ ಪೂರ್ತಿ ಹೊರಗಿತ್ತು, ಬೆರಳುಗಳು ಹೊರಗಿದ್ದವು, ಹಿಂದೆ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದ ಹೊಲಿಗೆಯೂ ಬಿಟ್ಟುಹೋಗಿತ್ತು. ಕಣಕಾಲಿನ ಸುತ್ತ ಒಂದು ಪಟ್ಟಿ ಮಾತ್ರ ಮರ್ಯಾದೆಗೆ ನಿಂತಿತ್ತು.

ಮೊದಲು ನಕ್ಕವಳು ವಿಮಲ. ಆಮೇಲೆ ಯಾರು ನಗಲಿಲ್ಲ ಎಂದು ಕೇಳಿ. ಬರಿಗಾಲಿನ ಕೊಪ್ಪಲಿನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನೂ ನಕ್ಕೆ. ಎಲ್ಲರ ಕಣ್ಣು ನಮ್ಮ ತಾತನ ಮೇಲಿಂದ ಅತ್ತ ಹೋಯಿತಲ್ಲ ಎಂದು ನನಗೆ ಹಾಯೆನ್ನಿಸಿತ್ತು. ಇನ್ಸ್‌ಪೆಕ್ಟರು ಒಂಟಿ ಕಾಲಿನಲ್ಲಿ, ಹರಿದ ಕಾಲನ್ನು ಇನ್ನೊಂದು ಬೂಟಿನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದರು. ಅವರ ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಕಟ್ಟುನಿಟ್ಟು ಎನ್ನುವುದು ಅವರ ಮುಖದಿಂದ ಇಳಿದುಹೋಗಿ, ಅಲ್ಲಿ ಒಬ್ಬ ಸೋತ ಮನುಷ್ಯ ಕಾಣುತ್ತಿದ್ದ.

ತಾತ ಅವರ ಮುಖ ನೋಡಿದರು. ಕೈಯಲ್ಲಿದ್ದ ಬೂಟು ನೋಡಿದರು. ನಾನು ತಾತನ ಮುಖವನ್ನು ಹಾಗೆ ಎಂದೂ ಕಂಡಿರಲಿಲ್ಲ. ಹೊಲ ಹೋದಾಗಲೂ ಅವರು ಅಷ್ಟು ಬಿಳಿಚಿಕೊಂಡಿರಲಿಲ್ಲ. ಹೆಗಲ ಮೇಲಿನ ಟವೆಲ್ಲು ಎಳೆದು ಆ ಕಾಲಿನ ಮೇಲೆ ಹಾಕಿ, ಅದರ ಮರೆಯಲ್ಲೇ ಬೂಟು ತೊಡಿಸಲು ಶುರು ಮಾಡಿದರು.

"ಹಾಕ್ಕಳಿ ಸ್ವಾಮಿ, ಹಾಕ್ಕಳಿ. ನಂದು ತೆಪ್ಪಾಯ್ತು. ಇದು ಸ್ಕೂಲು. ಕಣ ಆಗಿತ್ತು ಅವಾಗ. ಈಗ ಎಲ್ಲಿಯ ಕಣ, ರಾಗಿ ಇಲ್ಲ ಏನಿಲ್ಲ. ಹಾಕ್ಕಂಡೇ ಬನ್ನಿ."

ಲಾಡಿ ಕಟ್ಟಲು ಅವರಿಗೆ ಬರಲಿಲ್ಲ. ಮುದ್ದೆಗಟ್ಟಿ ಏನೋ ಒಂದು ಗಂಟು ಹಾಕಿದರು. ಎದ್ದು ನಿಂತಾಗ ಹುಡುಗರು ಇನ್ನೂ ಕಿಸಿಕಿಸಿ ಎನ್ನುತ್ತಿದ್ದರು. ಎಲ್ಲರೂ ಬರಿಗಾಲು, ಬೂಟಿನವರು ಅವರೊಬ್ಬರೇ. ಒಳಗೆ ಬಂದರೆ ಪ್ರತಿ ಹೆಜ್ಜೆಗೂ ಎಲ್ಲರ ಕಣ್ಣು ಆ ಬೂಟಿನ ಮೇಲೆಯೇ, ಅದರೊಳಗಿನದರ ಮೇಲೆಯೇ. ತಾತ ಸುತ್ತಲೂ ಒಂದು ಸಲ ನೋಡಿದರು. ಆಮೇಲೆ ಹೊಂಗೆ ಮರದ ಬುಡಕ್ಕೆ ಹೋಗಿ ತಮ್ಮ ಎಕ್ಕಡ ಮೆಟ್ಟಿಕೊಂಡರು. "ಬನ್ನಿ ಸ್ವಾಮಿ, ನನ್ನಿಂದೆ ಬನ್ನಿ" ಎಂದು ಮುಂದೆ ನಡೆದರು. ಹೆಡ್ ಮೇಷ್ಟ್ರಿಗೂ, "ನೀವೂ ಹಾಕ್ಕಳಿ ಮೇಷ್ಟ್ರೇ" ಎಂದರು.

ಟಪ್, ಟಪ್ ಎಂದು ತಾತನ ಎಕ್ಕಡ ಕಣದ ಮೇಲೆ ಸದ್ದು ಮಾಡುತ್ತ ಹೋಯಿತು. ಹುಡುಗರ ನಗು ನಿಂತಿತು. ಕೊಪ್ಪಲಿನ ಮಕ್ಕಳಿಗೆ ಆ ಸದ್ದಿನ ಅರ್ಥ ಗೊತ್ತಿತ್ತು. ಅದುವರೆಗೆ ತಾತ ಮೆಟ್ಟು ಬಿಡಿಸುತ್ತಾರೆಂದು ನಾಚುತ್ತಿದ್ದ ನನಗೆ, ಅವರು ಮೆಟ್ಟು ಹಾಕಿಕೊಂಡು ನಡೆಯುವುದನ್ನು ನೋಡಲಾಗಲಿಲ್ಲ. ಹಿಂದಿನ ನಾಚಿಕೆಗಳೆಲ್ಲ ನನ್ನೊಬ್ಬಳ ಪಾಡಿನವು, ಬಾವಿ ಕಟ್ಟೆಯ ಹಿಂದೆ ಬಚ್ಚಿಟ್ಟುಕೊಂಡರೆ ಹೋಗುತ್ತಿದ್ದವು. ಇದು ಹೋಗುವಂಥದ್ದಲ್ಲ ಎಂದು ಆಗಲೇ ಗೊತ್ತಾಯಿತು.

ಇನ್ಸ್‌ಪೆಕ್ಟರು ತರಗತಿಗಳನ್ನು ನೋಡಿದರು, ನಮ್ಮನ್ನು ಒಂದು ಪದ್ಯ ಕೇಳಿದರು, ಗೋಡೆಯ ಮೇಲಿನ ನಕ್ಷೆ ನೋಡಿ ತಲೆಯಾಡಿಸಿದರು. ದನಿ ಮೆತ್ತಗಿತ್ತು. ಹೋಗುವಾಗ ತಾತನ ಎದುರು ನಿಂತರು. ಮುಖ ನೋಡದೆ ಕೈ ಮುಗಿದು ಜಟಕಾ ಹತ್ತಿದರು.

ಆ ದಿನ ತಾತ ಊಟ ಮಾಡಲಿಲ್ಲ. ಕಾಲಿಗೆ ಕೊಡಗಟ್ಟಲೆ ನೀರು ಸುರಿದುಕೊಂಡು ಹಿತ್ತಲಿನಲ್ಲಿ ಕೂತಿದ್ದರು. ಅಜ್ಜಿ ಹೋಗಿ, "ಏಳಿ, ಒಂದು ತುತ್ತು ಉಣ್ಣಿ. ಆಗಿದ್ದಾಯ್ತು" ಎಂದರು.

"ಕಣ ತುಳ್ದಿದ್ದು ನಾನೇ, ಅದಕ್ಕೆ ಉಪಾಸ ಬಿದ್ರಾಯ್ತು" ಎಂದರು ತಾತ. "ಆವಯ್ಯನ ಮಾನ ಬೀದೀಲಿ ಬಿಚ್ಚಿಬುಟ್ನಲ್ಲ, ಅದಕ್ಕೇನು ಮಾಡ್ಲಿ ಹೇಳು."

ಅಜ್ಜಿ ತಟ್ಟೆಯನ್ನು ಅಲ್ಲೇ ಪಕ್ಕದಲ್ಲಿಟ್ಟು ಒಳಗೆ ಬಂದರು.

ಎಂಟನೇ ತರಗತಿ ತೆಗೆದರು. ಜೂನ್ ತಿಂಗಳಲ್ಲಿ ಅಪ್ಪ ಪೇಟೆಯಿಂದ ನನಗೆ ಹೊಸ ಚಪ್ಪಲಿ ತಂದರು, ನನ್ನ ಜೀವನದ ಮೊದಲ ಚಪ್ಪಲಿ. ಮೊದಲ ದಿನ ಸ್ಕೂಲಿಗೆ ಹೋದರೆ ತಾತ ಯಥಾಪ್ರಕಾರ ಕಲ್ಲಿನ ಮೇಲೆ, ಗೇಟಿನ ಆಚೆ. ಒಳಗೆ ಹೋಗುವವರನ್ನು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ವಿಮಲ ಕ್ಯಾನ್ವಾಸ್ ಶೂನಲ್ಲೇ ಓಡಿಹೋದಳು. ನಾನು ಬಗ್ಗಿ ಚಪ್ಪಲಿ ತೆಗೆಯಲು ಹೋದೆ.

"ತೆಗೀಬ್ಯಾಡ ಮಗಾ. ಹಾಕ್ಕಂಡೇ ಹೋಗು."

"ಕಣ ಅಲ್ವಾ ತಾತ?"

ತಾತ ದನಿ ಇಳಿಸಿದರು. "ನೀನು ತೆಗುದ್ರೆ ಯಾಕೆ ತೆಗೀತೀಯ ಅಂತ ಯಾರಾರ ಕೇಳ್ತಾರೆ. ಮುಂಚೆ ಎಲ್ರೂ ತೆಗೀತಿದ್ರು ಅಂತೀಯ. ಈಗ್ಯಾಕೆ ಬುಟ್ರು ಅಂತಾರೆ. ಆಮ್ಯಾಲೆ ಆವಯ್ಯನ ಕಾಲುಚೀಲದ ಕತೆ ಹೊಂಡ್ತದೆ. ಬ್ಯಾಡ. ಯಾರ್ಗೂ ಹೇಳ್ಬ್ಯಾಡ. ಹಾಕ್ಕಂಡು ಹೋಗು."

ನಾನು ಹಾಕಿಕೊಂಡು ಹೋದೆ. ನೆಲ ಸುಟ್ಟ ಹಾಗಾಯಿತು.

ಸ್ವಲ್ಪ ದಿನದ ಮೇಲೆ ನನಗೊಂದು ವಿಷಯ ತಿಳಿಯಿತು. ತಾತ ದಿನಾ ಹೋಗುತ್ತಿದ್ದ ಆ ಒಳಗಿನ ಸುತ್ತು ನಿಂತಿತ್ತು. ಅವರು ಗೇಟು ದಾಟುತ್ತಲೇ ಇರಲಿಲ್ಲ. ಎಕ್ಕಡ ಬಿಟ್ಟು ಹೋದರೆ ನೋಡಿದವರು ಕೇಳುತ್ತಾರೆ, ಆ ಮನುಷ್ಯನ ಮಾನ ಹೋಗುತ್ತದೆ. ಹಾಕಿಕೊಂಡು ಹೋದರೆ ಕಣದ ಮರ್ಯಾದೆ ಹೋಗುತ್ತದೆ. ಎರಡೂ ಬೇಡವೆಂದು ಹೊರಗೇ ಕೂತಿದ್ದರು. ಕಬಡ್ಡಿಯಲ್ಲಿ ನಮ್ಮವರು ಗೆದ್ದು, "ಕೆಂಚೇಗೌಡರಿಗೆ ಜೈ" ಎಂದಾಗಲೂ ಅಲ್ಲಿಂದಲೇ ಕೈಯೆತ್ತಿದರು. ಬಡಾವಣೆಯವರು, ಸ್ಕೂಲು ದೊಡ್ಡದಾದ ಮೇಲೆ ಗೌಡರಿಗೆ ಜಂಬ ಬಂತು, ಕರೆದರೂ ಒಳಗೆ ಬರುವುದಿಲ್ಲ ಎಂದು ಆಡಿಕೊಂಡರು. "ನಿಮ್ಮ ತಾತ ಯಾಕೆ ಬರಲ್ವೇ?" ಎಂದು ವಿಮಲ ಕೇಳಿದಳು. ನಾನು ಮಂಡಿ ನೋವು ಎಂದೆ. ಬಾಯಿಬಿಟ್ಟು ನಿಜ ಹೇಳುವಂತಿರಲಿಲ್ಲ. ತಾತನಿಗೆ ಜಂಬ ಎನ್ನುವುದನ್ನು ಕೇಳಿಸಿಕೊಂಡು ಸುಮ್ಮನೆ ತಲೆ ತಗ್ಗಿಸುವುದೇ ನನ್ನ ಪಾಲಿಗೆ ಬಂತು.

ಆ ವರ್ಷದ ಸ್ಕೂಲ್ ಡೇಗೆ ವೇದಿಕೆ ಕಟ್ಟಿ, ತಾತನಿಗೆಂದು ನಡುವೆ ಒಂದು ಕುರ್ಚಿ ಹಾಕಿದ್ದರು. ಹೆಡ್ ಮೇಷ್ಟ್ರು ತಾವೇ ಗೇಟಿನವರೆಗೆ ಹೋಗಿ ಕರೆದರು. "ಇಲ್ಲಿಂದ್ಲೇ ಚೆನ್ನಾಗಿ ಕಾಣ್ತದೆ ಬುಡಿ ಮೇಷ್ಟ್ರೇ" ಎಂದರಂತೆ ತಾತ. ಖಾಲಿ ಕುರ್ಚಿಯ ಮುಂದೆ ಕಾರ್ಯಕ್ರಮ ನಡೆಯಿತು. ಕೊನೆಗೆ ಹೆಡ್ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು ಸೇವಂತಿಗೆ ಹಾರವನ್ನು ಕೈಗೆ ಕೊಟ್ಟರು.

"ನೀನೇ ಹಾಕಿ ಬಾಮ್ಮ. ನನಗೆ ಇನ್ನೊಂದು ಸಲ ಅವರ ಮುಖ ನೋಡಕ್ಕಾಗಲ್ಲ."

ಎಲ್ಲರೂ ನೋಡುತ್ತಿರುವಾಗ ನಾನು ಹಾರ ಹಿಡಿದು, ಚಪ್ಪಲಿ ಕಾಲಿನಲ್ಲಿ, ಕಣದ ಈ ತುದಿಯಿಂದ ಆ ತುದಿಗೆ ನಡೆದೆ. ತಾತ ಎದ್ದು ನಿಂತಿದ್ದರು. "ಬಂದ್ಯಾ ಮಗಾ" ಎಂದರು. ಹೊರಗೆ ಬಂದು ಹಾಕುತ್ತೇನೆ ಎಂದು ಗೇಟಿಗೆ ಕೈ ಹಾಕಿದೆ.

"ಬ್ಯಾಡ, ಜನ ನೋಡ್ತಾವ್ರೆ, ನೀನ್ಯಾಕೆ ಆಚೆ ಹೋದೆ ಅಂತ ಕೇಳ್ತಾರೆ. ಅಲ್ಲೇ ನಿಂತ್ಕಂಡು ಹಾಕು" ಎಂದು ರುಮಾಲು ತೆಗೆದು, ಗೇಟಿನ ಮೇಲಿಂದ ನನ್ನ ಕಡೆಗೆ ತಲೆ ಬಗ್ಗಿಸಿದರು. ಕಾಲು ಮಾತ್ರ ಕಣದ ಆಚೆಯೇ ಇತ್ತು.